ಅಲಸಂದೆ ಮೊಳಕೆಗೆ ನವಿಲು, ಹಣ್ಣು ಮೆಣಸಿನಕಾಯಿಗೆ ಗಿಳಿ: ಬೆಳೆ ಉಳಿಸಿಕೊಳ್ಳೋದು ಹೇಗೆ?

ಪ್ರಶ್ನೆ: ನಾವು ರೋಣ ತಾಲೂಕಿನವರು, ಗೋವಾದ ವಾಸ್ಕೋಕ್ಕ ಬಂದು ಭಾಳ ವರ್ಷ ಆತು. ಸಾಂಕವಾಳದ ಕಡೆ ಒಬ್ಬ ಭಾಟ್ಕಾರರ (ಜಮೀನಿನ ಮಾಲಕರ) ಗದ್ದ್ಯಾಗ ಭತ್ತ ಕೊಯ್ದ ಮ್ಯಾಲೆ ಐದು ಗುಂಟೆಯಷ್ಟು ಜಾಗದಾಗ ಅಲಸಂದಿ, ಮೆಣಸಿನಕಾಯಿ, ಟೊಮೆಟೊ, ಸೌತಿ, ಕೆಂಪು ರಾಜಗಿರಿ ಹಾಕಿ ಸಂತ್ಯಾಗ ಮಾರ್ತೀವಿ. ಹೋದ ವರ್ಷ ಅಲಸಂದಿ ಮೊಳಕಿ ಎದ್ದ ಕೂಡ್ಲೆ ನವಿಲು ಬಂದು ಸಾಲಿಗೆ ಸಾಲೇ ಕಿತ್ತು ಹಾಕಿದ್ವು. ಒಣಗಿಸಾಕ ಬಿಟ್ಟಿದ್ದ ಕೆಂಪು ಮೆಣಸಿನಕಾಯಿ ಗಿಳಿ, ಪಿಕಳಾರ ತಿಂದ್ವು. ಟೊಮೆಟೊ ಕುಕ್ಕಿದ್ವು. ರಾಜಗಿರಿ ಬೀಜಾನೂ ಗುಬ್ಬಿ ಬಿಡಲಿಲ್ಲ. ಮೆಣಸಿನಕಾಯಿ-ಬೆಳ್ಳುಳ್ಳಿ ಕಷಾಯ ಹೊಡದ್ವಿ, ಹಳೇ ಸೀರಿ, ಸಿ.ಡಿ. ಕಟ್ಟಿದ್ವಿ, ಏನೂ ನಡೀಲಿಲ್ಲ. ಬಲೆ ಹಾಕಿದ್ರ ಹಾವು ಸಿಕ್ಕೊಂಡು ಸಾಯ್ತಾವ ಅಂತಾರ. ಪಕ್ಕದವರು ಅಕ್ಕಿಗೆ ಫ್ಯೂರಡಾನ್ ವಿಷ ಕಲಸಿ ಇಡ್ರಿ ಅಂತಾರ, ನನಗ ಮನಸ್ಸು ಬರವಲ್ದು. ಕಡಿಮಿ ಖರ್ಚಿನಾಗ ಏನು ಮಾಡಬೇಕು? ಸರಕಾರದಿಂದ ಪರಿಹಾರ ಏನರ ಸಿಗತದೇನು?

ಉತ್ತರ: ಅಕ್ಕಾ, ಮನಸ್ಸು ಬರಲಿಲ್ಲ ಅಂದಿರಲ್ಲ, ಅದೇ ಸರಿ. ವಿಷದ ವಿಚಾರಕ್ಕೆ ಮುಂದೆ ಬರುತ್ತೇನೆ. ಮೊದಲು ಬೆಳೆಯ ಮಾತು.

ನಿಮ್ಮ ಗದ್ದೆಯಲ್ಲಿ ನಡೆದಿರುವುದು ನಾಲ್ಕು ಬೇರೆ ಬೇರೆ ಹಾನಿ. ನವಿಲು ಬರುವುದು ಮೊಳಕೆಗೆ. ಗಿಳಿ ಬರುವುದು ಹಣ್ಣಾದ ಮೆಣಸಿನಕಾಯಿಗೆ. ಪಿಕಳಾರ ಬರುವುದು ಬಣ್ಣ ತಿರುಗಿದ ಟೊಮೆಟೊಗೆ. ರಾಜಗಿರಿ ಬೀಜ ಹೊತ್ತದ್ದು ಗುಬ್ಬಿಯೇ ಎಂಬುದರಲ್ಲಿ ನನಗೆ ಅನುಮಾನವಿದೆ. ಒಂದೊಂದು ಹಕ್ಕಿಯೂ ಒಂದೊಂದು ಬೆಳೆಗೆ ಕಾಟ ಕೊಡುವುದು ಹದಿನೈದು ಇಪ್ಪತ್ತು ದಿನ ಮಾತ್ರ. ಆ ದಿನಗಳಲ್ಲಿ ಆ ಬೆಳೆಯೊಂದಕ್ಕೆ ಗಟ್ಟಿಯಾದ ಅಡ್ಡ ಹಾಕಿ, ಹದ ದಾಟಿದ ಮೇಲೆ ತೆಗೆದುಬಿಟ್ಟರೆ ಖರ್ಚೂ ಕಡಿಮೆ, ಫಲವೂ ಹೆಚ್ಚು. ಐದೂ ಗುಂಟೆಗೆ ಐದೂ ತಿಂಗಳು ಕಾವಲು ಹಾಕಲು ಹೋದರೆ ಕೈ ಸೋಲುತ್ತದೆ, ಹಕ್ಕಿಗಳೂ ನಿಮ್ಮ ಎಲ್ಲ ಉಪಾಯಗಳಿಗೆ ಒಗ್ಗಿಕೊಳ್ಳುತ್ತವೆ.

ನಿಮ್ಮ ಊರ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಬಿಳಿಜೋಳದ ಹೊಲದಲ್ಲಿ ಅಟ್ಟ ಕಟ್ಟಿ ಕವಣಿ ಹಿಡಿದು ಹಕ್ಕಿ ಕಾಯುತ್ತಿದ್ದದ್ದು ತೆನೆ ಹಾಲುಗಾಳಾದಾಗಿನಿಂದ ಕಾಳು ಬಲಿಯುವವರೆಗೆ, ಅಂದರೆ ಸೀತನಿ ತಿನ್ನುವ ಹೊತ್ತಿನ ಆಸುಪಾಸು. ಬಿತ್ತಿದ ದಿನದಿಂದ ರಾಶಿ ಮುಗಿಯುವವರೆಗೆ ಯಾರೂ ಅಟ್ಟದ ಮೇಲೆ ಕೂರುತ್ತಿರಲಿಲ್ಲ. ತರಕಾರಿಗೂ ಅದೇ ಲೆಕ್ಕ. ಬೆಳೆ ಐದು ಬಗೆಯಿರುವುದರಿಂದ ಹದವೂ ಐದು ಕಡೆ ಹಂಚಿಹೋಗಿರುತ್ತದೆ, ಅಷ್ಟೇ.

ಮೊದಲ ಕೆಲಸ, ಕಳ್ಳ ಯಾರೆಂದು ಖಾತ್ರಿ ಮಾಡಿಕೊಳ್ಳುವುದು. ಹಕ್ಕಿಯ ತಲೆಗೆ ಕಟ್ಟಿದ ಹಾನಿಯಲ್ಲಿ ಬಸವನಹುಳು, ಇಲಿ, ಕಾಯಿಕೊರಕ ಹುಳುವಿನ ಪಾಲು ಎಷ್ಟಿರುತ್ತದೆಂದು ಹತ್ತಿರ ಕೂತು ನೋಡಿದವರಿಗೇ ಗೊತ್ತು. ಟೊಮೆಟೊ ಒಂದನ್ನು ಕೈಗೆ ತೆಗೆದುಕೊಳ್ಳಿ. ತೂತು ದುಂಡಗೆ ಕೊರೆದಂತಿದ್ದು, ಬಾಯಲ್ಲಿ ಹಿಕ್ಕೆ ಅಂಟಿಕೊಂಡಿದ್ದರೆ ಅದು ಕಾಯಿಕೊರಕ. ಸಿಪ್ಪೆ ಮೂರು ಮೂಲೆಯಾಗಿ ಹರಿದು, ಒಳಗಿನ ತಿರುಳು ಎಳೆದಂತೆ ಹೊರಬಂದಿದ್ದರೆ ಕೊಕ್ಕಿನ ಏಟು. ಅಕ್ಕಪಕ್ಕ ಎರಡೆರಡು ಸಣ್ಣ ಹಲ್ಲಿನ ಗೀರು ಇದ್ದರೆ ಇಲಿ ಅಥವಾ ಅಳಿಲು. ಸಸಿ ಬುಡಕ್ಕೇ ತುಂಡಾಗಿ ಪಕ್ಕದಲ್ಲಿ ಒಣಗಿದ ಲೋಳೆಯ ಹೊಳಪು ಕಂಡರೆ ಬಸವನಹುಳು. ನೆಲ ಕೆದರಿ ಸಸಿಯನ್ನು ಮೇಲಕ್ಕೆ ಎಳೆದು ಬಿಸಾಡಿದ್ದರೆ, ಮೂರು ಉದ್ದ ಬೆರಳಿನ ಹೆಜ್ಜೆಯೂ ಇದ್ದರೆ ನವಿಲು. ಇನ್ನೂ ಗೊಂದಲವಾದರೆ ಒಂದು ಬುಟ್ಟಿಯನ್ನು ನಾಲ್ಕು ಸಸಿಗಳ ಮೇಲೆ ಹಗಲು ಮಾತ್ರ ಬೋರಲು ಹಾಕಿ, ಇನ್ನೊಂದನ್ನು ಬೇರೆ ನಾಲ್ಕರ ಮೇಲೆ ರಾತ್ರಿ ಮಾತ್ರ ಹಾಕಿ. ಯಾವುದು ಉಳಿಯಿತೋ ನೋಡಿ. ಹಕ್ಕಿ ತಿನ್ನುವುದು ಹಗಲಲ್ಲಿ. ರಾತ್ರಿ ಹೋದ ಸಸಿಗೆ ಹಕ್ಕಿಯ ಮೇಲೆ ಸಿಟ್ಟು ಮಾಡಿ ಪ್ರಯೋಜನವಿಲ್ಲ.

ರಾಜಗಿರಿಯನ್ನು ಇಲ್ಲಿಯೇ ಮುಗಿಸುತ್ತೇನೆ. ಆ ಬೀಜ ಎಳ್ಳಿಗಿಂತ ಚಿಕ್ಕದು, ಮೇಲೆ ಚೆಲ್ಲಿ ಬಿಡುವಂಥದ್ದು. ಇರುವೆಗಳು ಅದನ್ನು ಸಾಲುಗಟ್ಟಿ ಹೊತ್ತೊಯ್ಯುತ್ತವೆ. ಬಿತ್ತಿದ ಸಂಜೆ ಮಡಿಯ ಅಂಚಿನಲ್ಲಿ ಬಗ್ಗಿ ನೋಡಿ, ಕಪ್ಪು ಕಾಳು ಕಚ್ಚಿಕೊಂಡ ಇರುವೆ ಸಾಲು ಕಾಣಿಸಬಹುದು. ಇರುವೆಯಿರಲಿ ಗುಬ್ಬಿಯಿರಲಿ, ಬೀಜಕ್ಕೆ ಒಣ ಮರಳು ಬೆರೆಸಿ ಚೆಲ್ಲಿ, ಕೈಯಿಂದ ಮೆಲ್ಲಗೆ ಮಣ್ಣಿಗೆ ಒತ್ತಿ, ಮೇಲೆ ತೆಳ್ಳಗೆ ಭತ್ತದ ಹುಲ್ಲು ಹರಡಿ ನೀರು ಚಿಮುಕಿಸಿ. ಮೂರು ನಾಲ್ಕು ದಿನದಲ್ಲಿ ಮೊಳಕೆ ಬರುತ್ತದೆ, ಬಂದ ದಿನವೇ ಸಂಜೆ ಹುಲ್ಲು ತೆಗೆಯಿರಿ. ತಡಮಾಡಿದರೆ ಸಸಿ ಬೆಳಕಿಲ್ಲದೆ ಉದ್ದವಾಗಿ ಬಿದ್ದುಹೋಗುತ್ತದೆ.

ಈಗ ನವಿಲು. ನಿಮಗೆ ಅತಿ ಹೆಚ್ಚು ನಷ್ಟ ಮಾಡಿದ್ದು ಇದೇ.

ಅಲಸಂದೆಯ ಮೊಳಕೆ ಏಳುವ ಬಗೆಯನ್ನು ಒಮ್ಮೆ ಗಮನಿಸಿ. ಬೀಜದ ಎರಡು ಬೇಳೆಗಳನ್ನೂ ದಂಟು ತಲೆಯ ಮೇಲೆ ಹೊತ್ತುಕೊಂಡು ನೆಲದಿಂದ ಮೇಲೆ ಬರುತ್ತದೆ. ದಪ್ಪ, ಮೆತ್ತಗೆ, ಹಿಟ್ಟು ತುಂಬಿದ ಬೇಳೆ ಎಲ್ಲರ ಕಣ್ಣೆದುರಿಗೆ. ನವಿಲಿಗೆ, ಕಾಡುಪಾರಿವಾಳಕ್ಕೆ ಬೇಕಾದದ್ದು ಅದು. ಸಸಿ ಬೆಳೆಯುವ ಕುಡಿಯೂ ಆ ಎರಡು ಬೇಳೆಗಳ ನಡುವೆಯೇ ಇರುವುದರಿಂದ, ಬೇಳೆಯ ಕೆಳಗೆ ಕತ್ತರಿಸಿದರೆ ಸಸಿ ಅಲ್ಲಿಗೆ ಮುಗಿಯಿತು. ಬಟಾಣಿ, ತೊಗರಿ ಹಾಗಲ್ಲ. ಅವುಗಳ ಬೇಳೆ ಮಣ್ಣೊಳಗೇ ಉಳಿಯುತ್ತದೆ, ಮೇಲಿನ ಕುಡಿಯನ್ನು ಹಕ್ಕಿ ಕಿತ್ತರೂ ಕೆಳಗಿನ ಗೆಣ್ಣಿನಿಂದ ಮತ್ತೆ ಚಿಗುರುವ ಸಾಧ್ಯತೆ ಇರುತ್ತದೆ. ಹಾಗಾಗಿ ಅಲಸಂದೆಯ ಹದ ಕಡುಕಷ್ಟದ್ದು, ಆದರೆ ಗಿಡ್ಡದ್ದು. ಬಿತ್ತಿದ ನಾಲ್ಕೈದು ದಿನಕ್ಕೆ ಮೊಳಕೆ ಮೇಲೆ ಬರುತ್ತದೆ. ಎರಡು ಎಲೆ ಬಿಚ್ಚಿ, ಮೂರೆಸಳಿನ ಎಲೆ ಬರುವ ಹೊತ್ತಿಗೆ ಬೇಳೆ ಸೊರಗಿ ಉದುರುತ್ತದೆ. ಅಲ್ಲಿಂದ ಮುಂದೆ ನವಿಲಿಗೆ ಆ ಗಿಡದಲ್ಲಿ ಮೊದಲಿನ ಆಸೆ ಇರುವುದಿಲ್ಲ. ಎರಡು ವಾರ ದಾಟಿಸಿದರೆ ಬಹುಪಾಲು ಗೆದ್ದ ಹಾಗೆ.

ಗೋವಾದಲ್ಲಿ ಇದು ಬಿಗಡಾಯಿಸುವುದಕ್ಕೆ ಕಾಲದ ಹೊಂದಿಕೆಯೂ ಕಾರಣ. ನವಿಲು ಮರಿ ಮಾಡುವುದು ಮಳೆಗಾಲದಲ್ಲಿ. ಭತ್ತ ಕೊಯ್ದು ಕಾರ್ತಿಕ, ಮಾರ್ಗಶಿರದಲ್ಲಿ ನೀವು ಅಲಸಂದೆ ಬಿತ್ತುವಾಗ ತಾಯಿ ನವಿಲುಗಳು ಬೆಳೆದ ಮರಿಗಳನ್ನು ಕಟ್ಟಿಕೊಂಡು ಹಿಂಡಾಗಿ ಮೇಯುತ್ತಿರುತ್ತವೆ. ಭತ್ತ ಹೋಗಿ ಗದ್ದೆ ಬೋಳಾಗಿರುತ್ತದೆ, ಹಸಿರು ಎಂಬುದು ನಿಮ್ಮ ಮಡಿಯಲ್ಲಿ ಮಾತ್ರ. ಸುತ್ತಲಿನ ಗುಡ್ಡ, ಗೇರುತೋಪು ಅವುಗಳ ಮನೆ. ಬೆಳಿಗ್ಗೆ ಮರದಿಂದ ಇಳಿದು ಬಿಸಿಲೇರುವವರೆಗೆ ಮೇದು, ಮಧ್ಯಾಹ್ನ ನೆರಳು ಹಿಡಿದು, ನಾಲ್ಕು ಗಂಟೆಯ ಮೇಲೆ ಮತ್ತೆ ಬರುತ್ತವೆ. ಕಾಯುವುದಾದರೆ ಆ ಎರಡು ಹೊತ್ತು ಕಾಯಿರಿ, ಇಡೀ ಹಗಲು ಬೇಡ.

ಮಾಡಬೇಕಾದದ್ದು ಇಷ್ಟು. ಬೀಜವನ್ನು ರಾತ್ರಿ ನೆನೆಸಿ ಬಿತ್ತಿ, ಮೊಳಕೆ ಒಂದೇ ಸಮನೆ ಬೇಗ ಏಳುತ್ತದೆ. ಎರಡು ಬೆರಳಿನ ಆಳಕ್ಕೆ ಹಾಕಿ ಮಣ್ಣು ತುಳಿದು ಗಟ್ಟಿ ಮಾಡಿ, ಸಾಲಿನ ಗೆರೆ ಅಳಿಸಿಬಿಡಿ. ಹೊಸದಾಗಿ ಕೆದಕಿದ ಗೆರೆ ಹಿಡಿದು ನವಿಲು ನೇರ ನಡೆದುಕೊಂಡು ಹೋಗುತ್ತದೆ. ಭತ್ತದ ಕೂಳೆಯನ್ನು ಸಾಲುಗಳ ನಡುವೆ ಹಾಗೇ ನಿಲ್ಲಿಸಿ, ಮೊಳಕೆ ದೂರದಿಂದ ಕಣ್ಣಿಗೆ ಬೀಳುವುದು ಕಡಿಮೆಯಾಗುತ್ತದೆ. ಸಾಲಿನ ಮೇಲೆ ತೆಂಗಿನ ಗರಿಗಳನ್ನು ಕಮಾನಿನಂತೆ ಬಗ್ಗಿಸಿ ಎರಡೂ ತುದಿ ಮಣ್ಣಿಗೆ ಚುಚ್ಚಿ. ಗರಿಯ ಎಲೆಗಳ ಸಂದಿಯಿಂದ ಬಿಸಿಲು ಬೀಳುತ್ತದೆ, ನವಿಲಿನ ತಲೆ ಒಳಗೆ ಹೋಗುವುದಿಲ್ಲ. ಸಾಂಕವಾಳದಲ್ಲಿ ತೆಂಗಿನ ಗರಿಗೆ ದುಡ್ಡು ಕೊಡಬೇಕಾಗಿಲ್ಲ, ಕೇಳಿದರೆ ತೋಟದವರೇ ಒಯ್ಯಿರಿ ಅನ್ನುತ್ತಾರೆ. ಮೂರೆಸಳಿನ ಎಲೆ ಕಂಡ ಮೇಲೆ ಗರಿ ತೆಗೆದು, ಅದನ್ನೇ ಮುಂದಿನ ಮಡಿಗೆ ಬಳಸಿ.

ಸ್ವಲ್ಪ ಜಾಗವಾದರೆ ಇನ್ನೂ ಒಳ್ಳೆಯ ದಾರಿ ಇದೆ. ಕಾಗದದ ಲೋಟದಲ್ಲೋ ಬಾಳೆಪಟ್ಟೆಯ ತೊಟ್ಟೆಯಲ್ಲೋ ಮನೆಯಂಗಳದಲ್ಲಿ ಸಸಿ ಎಬ್ಬಿಸಿ, ಎರಡೆಲೆ ಬಿಚ್ಚಿದ ಮೇಲೆ ಬೇರು ಅಲುಗದಂತೆ ನೆಡುವುದು. ಅಲಸಂದೆ ಬೇರು ಕಿತ್ತರೆ ಸಹಿಸುವುದಿಲ್ಲ, ಲೋಟದ ತಳ ಹರಿದು ಮಣ್ಣಿನ ಗಡ್ಡೆ ಸಮೇತ ಇಡಬೇಕು. ಐದು ಗುಂಟೆ ಪೂರ್ತಿಗೆ ಈ ಕೆಲಸ ಹೆಚ್ಚಾಯಿತು. ಗುಡ್ಡಕ್ಕೆ ಹತ್ತಿರವಿರುವ ಎರಡು ಮೂರು ಸಾಲಿಗೆ ಮಾಡಿ, ಉಳಿದದ್ದಕ್ಕೆ ಗರಿ ಸಾಕು.

ನವಿಲು ಹಾರಬಲ್ಲದಾದರೂ ಮೇಯಲು ಬರುವುದು ಹೆಚ್ಚಾಗಿ ನಡೆದುಕೊಂಡೇ. ಹಾಗಾಗಿ ಗದ್ದೆಯ ಸುತ್ತ ಗೂಟ ನೆಟ್ಟು, ಒಂದು ಗೇಣು ಎತ್ತರದಲ್ಲಿ ಒಂದು, ಒಂದು ಮೊಳ ಎತ್ತರದಲ್ಲಿ ಇನ್ನೊಂದು ಬಿಳಿ ನೈಲಾನ್ ಹಗ್ಗ ಬಿಗಿಯಾಗಿ ಎಳೆಯಿರಿ. ಎದೆಗೆ ಹಗ್ಗ ತಗುಲಿದಾಗ ಅದು ಹಿಂಜರಿಯುತ್ತದೆ. ಹಾರಿ ಇಳಿಯದಂತೆ ಮಡಿಯ ಮೇಲೂ ಅಡ್ಡಡ್ಡ ನಾಲ್ಕಾರು ಹಗ್ಗ ಹಾಯಿಸಿ. ಅಷ್ಟು ದೊಡ್ಡ ಹಕ್ಕಿಗೆ ಇಳಿಯಲೂ ಏಳಲೂ ತೆರವಾದ ಜಾಗ ಬೇಕು. ನೀವು ಕಟ್ಟಿದ ಸೀರೆ ಕೆಲಸಕ್ಕೆ ಬಾರದ್ದಲ್ಲ, ಆದರೆ ನೆಲದಿಂದ ಮೇಲೆ ಗೇಣುದ್ದ ಸಂದಿ ಬಿಟ್ಟು ಕಟ್ಟಿದ್ದರೆ ನವಿಲು ಅದರಡಿ ನುಸುಳಿ ಬಂದಿರುತ್ತದೆ. ಸೀರೆಯ ಅಂಚು ಮಣ್ಣಿಗೆ ತಾಗಬೇಕು.

ಇನ್ನು ಮೆಣಸಿನಕಾಯಿ. ಕಷಾಯ ಯಾಕೆ ಕೆಲಸ ಮಾಡಲಿಲ್ಲ ಎಂಬುದಕ್ಕೆ ಸರಿಯಾದ ಕಾರಣವಿದೆ, ಅದನ್ನು ತಿಳಿದರೆ ಆ ಖರ್ಚು ಇನ್ನು ಮಾಡುವುದಿಲ್ಲ. ನಮಗೆ ಖಾರ ಉರಿಯುವುದು ನರದಲ್ಲಿರುವ ಒಂದು ಗ್ರಾಹಕದಿಂದ. ಬಿಸಿ ತಗುಲಿದರೂ, ಮೆಣಸಿನಕಾಯಿಯ ಕ್ಯಾಪ್ಸೈಸಿನ್ ತಗುಲಿದರೂ ಅದು ಒಂದೇ ರೀತಿ ಸುಡು ಸುದ್ದಿ ಕಳಿಸುತ್ತದೆ. 1997ರಲ್ಲಿ ಇದನ್ನು ಗುರುತಿಸಿದ ತಂಡದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಪ್ರಶಸ್ತಿ ಸಿಕ್ಕಿತು. ಇಲಿಗೆ, ಅಳಿಲಿಗೆ, ಮಂಗಕ್ಕೆ, ನಮಗೆ ಖಾರ ಹತ್ತುವುದು ಹೀಗೆ. ಹಕ್ಕಿಗಳಲ್ಲೂ ಆ ಗ್ರಾಹಕ ಇದೆ, ಅದು ಬಿಸಿಗೆ ಸ್ಪಂದಿಸುತ್ತದೆ, ಕ್ಯಾಪ್ಸೈಸಿನ್‌ಗೆ ಸ್ಪಂದಿಸುವುದಿಲ್ಲ. ಗಿಳಿ, ಪಿಕಳಾರಗಳಿಗೆ ಹಣ್ಣು ಮೆಣಸಿನಕಾಯಿ ಬರೀ ಒಂದು ಹಣ್ಣು. ಮೆಣಸಿನ ಗಿಡಕ್ಕೂ ಇದು ಅನುಕೂಲವೇ. ಬೀಜ ಅಗಿದು ಪುಡಿಮಾಡುವ ಪ್ರಾಣಿಗಳನ್ನು ಖಾರ ದೂರವಿಡುತ್ತದೆ, ಬೀಜವನ್ನು ಇಡಿಯಾಗಿ ನುಂಗಿ ದೂರ ಹಾಕುವ ಹಕ್ಕಿಗಳಿಗೆ ಬಾಗಿಲು ತೆರೆದಿಡುತ್ತದೆ. ಪೋರ್ಚುಗೀಸರ ಕಾಲದಲ್ಲಿ ಅಮೆರಿಕ ಖಂಡದಿಂದ ಬಂದ ಗಿಡ ಇಲ್ಲಿಯ ಬೇಲಿ ಬೇಲಿಗಳಲ್ಲಿ ತಾನೇ ಹುಟ್ಟುವುದಕ್ಕೆ ಪಿಕಳಾರದಂಥ ಹಕ್ಕಿಗಳೂ ಕಾರಣ. ಆದ್ದರಿಂದ ಖಾರದ ಕಷಾಯವನ್ನು ಹುಳಕ್ಕೆ ಬೇಕಿದ್ದರೆ ಹೊಡೆಯಿರಿ, ಹಕ್ಕಿಗೆ ಬೇಡ.

ಹಸಿಮೆಣಸಿನಕಾಯಿಗೆ ಮಾರುವುದಾದರೆ ಚಿಂತೆಯಿಲ್ಲ, ಹಸಿರಿರುವಾಗ ಹಕ್ಕಿ ಅಷ್ಟಾಗಿ ಮುಟ್ಟುವುದಿಲ್ಲ. ಒಣಗಿಸುವುದಕ್ಕೆ ಬಿಡುವ ಗಿಡಗಳನ್ನು ಮಾತ್ರ ಮುಚ್ಚಬೇಕು. ನೆಡುವಾಗಲೇ ಅವನ್ನು ಒಂದು ಕಡೆ, ಮನೆಗೋ ದಾರಿಗೋ ಹತ್ತಿರದ ಒಂದೇ ಮಡಿಯಲ್ಲಿ ಹಾಕಿ. ಹಾಗಾದರೆ ಬಲೆ ಬೇಕಾಗುವುದು ಒಂದು ಗುಂಟೆಗೋ ಅರ್ಧ ಗುಂಟೆಗೋ. ಕಾಯಿ ಮುಕ್ಕಾಲು ಬಣ್ಣ ತಿರುಗಿದಾಗ ಕೊಯ್ದು ಒಂದೆರಡು ದಿನ ನೆರಳಲ್ಲಿ ರಾಶಿ ಹಾಕಿದರೆ ಪೂರ್ತಿ ಕೆಂಪಾಗುತ್ತದೆ. ಆಮೇಲೆ ಬಿಸಿಲಿಗೆ ಹರಡಿ. ಗಿಡದ ಮೇಲೆ ಹಣ್ಣು ನಿಲ್ಲುವ ದಿನ ಕಡಿಮೆಯಾದಷ್ಟೂ ಗಿಳಿಯ ಪಾಲು ಕಡಿಮೆ.

ಬಲೆಯ ವಿಚಾರವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಹಾವು ಸಾಯುತ್ತದೆ ಎಂದು ಜನ ಹೇಳುವುದು ಸುಳ್ಳಲ್ಲ. ಸಾಯುವುದು ಎಂಥ ಬಲೆಯಲ್ಲಿ ಎಂದು ನೋಡಿ. ಕಣ್ಣಿಗೆ ಸರಿಯಾಗಿ ಕಾಣದ ತಂಗೂಸಿ (ನೈಲಾನಿನ ಒಂಟಿ ಎಳೆ) ಬಲೆ, ಸಡಿಲವಾಗಿ ಗಿಡದ ಮೇಲೆ ಹೊದಿಸಿ ಮಿಕ್ಕದ್ದನ್ನು ನೆಲದ ಮೇಲೆ ಗುಡ್ಡೆ ಹಾಕಿದ್ದು. ಕೇರೆಹಾವು ಇಲಿಯ ಹಿಂದೆ ಬಂದು ಆ ಗುಡ್ಡೆಯಲ್ಲಿ ತಲೆ ತೂರಿಸುತ್ತದೆ, ಹುರುಪೆ ಸಿಕ್ಕಿ ಹಿಂದಕ್ಕೆ ಬರಲಾಗದು. ಎಳೆದಷ್ಟೂ ದಾರ ಮೈಗೆ ಇಳಿಯುತ್ತದೆ. ಪಿಕಳಾರದ ಕಾಲೂ ಹಾಗೆಯೇ ಸಿಕ್ಕುತ್ತದೆ. ನಿಮ್ಮ ಗದ್ದೆಯ ಇಲಿಗಳನ್ನು ಬಿಟ್ಟಿ ಹಿಡಿಯುವ ಕೇರೆಯನ್ನು ಕೊಂದುಕೊಂಡು ಮೆಣಸಿನಕಾಯಿ ಉಳಿಸಿಕೊಂಡರೆ ಲಾಭವೇನು ಬಂತು?

ನೀವಿರುವುದು ವಾಸ್ಕೋದ ಪಕ್ಕ. ಖಾರೀವಾಡಾದ ಬಂದರಿನಲ್ಲಿ ಹಳೆಯ ಬಲೆ ಮಾರುವವರು, ಸುಮ್ಮನೆ ಕೊಡುವವರೂ ಸಿಗುತ್ತಾರೆ. ಅಲ್ಲಿ ತೆಳ್ಳನೆಯ ತಂಗೂಸಿ ಬಲೆ ಕೊಟ್ಟರೆ ಬೇಡವೆನ್ನಿ. ಮೀನಿನ ಹಿಂಡನ್ನು ದೊಡ್ಡ ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸೀನ್ ದೋಣಿಯವರು ಬಿಸಾಡುವ, ನೂಲು ಹೊಸೆದ ದಪ್ಪ ಬಲೆ ಕೇಳಿ. ಅದು ಕಣ್ಣಿಗೆ ಕಾಣುತ್ತದೆ, ಮೈಗೆ ಕೊಯ್ಯುವುದಿಲ್ಲ, ಗಿಳಿ ಕಚ್ಚಿದರೂ ಬೇಗ ತುಂಡಾಗುವುದಿಲ್ಲ. ಬಲೆಯ ಕಣ್ಣು ಎಷ್ಟು ದೊಡ್ಡದಿರಬೇಕೆಂದರೆ, ಚಿಕ್ಕದಾದಷ್ಟೂ ಕ್ಷೇಮ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ ಮನೆಯ ಹಣ್ಣಿನ ಗಿಡಕ್ಕೆ ಹಾಕುವ ಬಲೆಯ ಕಣ್ಣು ಪೂರ್ತಿ ಎಳೆದಾಗಲೂ 5 ಮಿಲಿಮೀಟರ್ ದಾಟಬಾರದೆಂದು 2021ರ ಸೆಪ್ಟೆಂಬರ್‌ನಿಂದ ನಿಯಮವೇ ಇದೆ. ಬೆರಳು ತೂರಿದರೆ ಆ ಬಲೆ ಬೇಡ ಎಂಬುದು ಅಲ್ಲಿಯ ಪರೀಕ್ಷೆ. ಅಷ್ಟು ಸಣ್ಣ ಕಣ್ಣಿನದು ಬಂದರಿನಲ್ಲಿ ಸಿಗುವುದು ಕಷ್ಟ. ಹೆಬ್ಬೆರಳು ತೂರುವಷ್ಟರ ದಪ್ಪ ನೂಲಿನ ಬಲೆಯನ್ನು ಚೆನ್ನಾಗಿ ಬಿಗಿದು ಕಟ್ಟಿದರೆ ಗಿಳಿ, ಪಿಕಳಾರ ಎರಡೂ ಹೊರಗಿರುತ್ತವೆ.

ತಂದ ಬಲೆಯನ್ನು ಸಿಹಿನೀರಿನಲ್ಲಿ ಒಂದು ರಾತ್ರಿ ನೆನೆಸಿ ಉಪ್ಪು ಬಿಡಿಸಿ. ಬಿದಿರಿನ ಗೂಟಗಳನ್ನು ಎರಡು ಮೀಟರಿಗೊಂದರಂತೆ, ಗಿಡಕ್ಕಿಂತ ಒಂದು ಮೊಳ ಎತ್ತರಕ್ಕೆ ನಿಲ್ಲಿಸಿ. ಪ್ರತಿ ಗೂಟದ ತಲೆಗೂ ಒಂದು ತೆಂಗಿನ ಚಿಪ್ಪು ಬೋರಲು ಹಾಕಿದರೆ ಬಲೆ ಸಿಗಿಯುವುದಿಲ್ಲ. ಗೂಟದಿಂದ ಗೂಟಕ್ಕೆ ಹಗ್ಗ ಎಳೆದು ಅದರ ಮೇಲೆ ಬಲೆ ಹಾಸಿ, ಮಂಚದ ನವಾರಿನಂತೆ ಬಿಗಿ ಮಾಡಿ. ಬಲೆ ಗಿಡಕ್ಕೆ ತಾಗಬಾರದು. ತಾಗಿದರೆ ಗಿಳಿ ಬಲೆಯ ಮೇಲೆಯೇ ಕೂತು ಕಣ್ಣಿನೊಳಗಿಂದ ಕೊಕ್ಕು ಹಾಕಿ ತಿನ್ನುತ್ತದೆ. ಕೆಳಗೆ ನೆಲದಿಂದ ನಾಲ್ಕು ಬೆರಳು ಎತ್ತರಕ್ಕೆ ಬಲೆಯ ಅಂಚನ್ನು ಒಂದು ಹಗ್ಗಕ್ಕೆ ಹೊಲಿದು ಬಿಗಿದುಬಿಡಿ. ಮೆಣಸಿನಕಾಯಿಗೆ ಬರುವ ಹಕ್ಕಿ ಮೇಲಿನಿಂದ ಬರುತ್ತದೆ. ಕೆಳಗಿನ ಸಂದಿಯಲ್ಲಿ ಕೇರೆ, ಕಪ್ಪೆ, ಓತಿಕ್ಯಾತ ತಮ್ಮ ಪಾಡಿಗೆ ಓಡಾಡಿಕೊಂಡಿರುತ್ತವೆ. ಬೆಳಿಗ್ಗೆ, ಸಂಜೆ ಒಂದು ಸುತ್ತು ನೋಡಿ. ಏನಾದರೂ ಸಿಕ್ಕಿದ್ದರೆ ಎಳೆಯಬೇಡಿ. ಹಕ್ಕಿಯಾದರೆ ಬಟ್ಟೆ ಹೊದಿಸಿ ಕಣ್ಣು ಮುಚ್ಚಿ, ಕತ್ತರಿಯಿಂದ ಬಲೆಯನ್ನೇ ಕತ್ತರಿಸಿ. ಹಾವಾದರೆ ನೀವು ಕೈಹಾಕದೆ ಅರಣ್ಯ ಇಲಾಖೆಯವರನ್ನೋ ಹಾವು ಹಿಡಿಯುವವರನ್ನೋ ಕರೆಯಿರಿ. ಕೊಯ್ಲು ಮುಗಿದ ದಿನವೇ ಬಲೆ ಬಿಚ್ಚಿ ಸುತ್ತಿ ಒಳಗಿಡಿ. ಬೇಲಿಯ ಮೇಲೆ ಬಿಟ್ಟ ಬಲೆ ವರ್ಷವಿಡೀ ಜೀವ ಹಿಡಿಯುತ್ತಿರುತ್ತದೆ.

ಸೌತೆಗೆ ಬಲೆ ಹಾಕಬೇಡಿ. ಅದರಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ, ಜೇನು ಬಾರದಿದ್ದರೆ ಕಾಯಿ ಕಚ್ಚುವುದಿಲ್ಲ. ಮೆಣಸಿನಕಾಯಿ, ಟೊಮೆಟೊ, ಅಲಸಂದೆಗೆ ಆ ಚಿಂತೆ ಇಲ್ಲ, ಅವು ಹೆಚ್ಚಾಗಿ ತಮ್ಮ ಹೂವಿನಲ್ಲೇ ಪರಾಗ ಕೂಡಿಸಿಕೊಳ್ಳುತ್ತವೆ. ಸೌತೆಕಾಯಿಯನ್ನು ಕಾಗೆ ಕುಕ್ಕುತ್ತಿದ್ದರೆ ಕಾಯಿಯ ಮೇಲೆ ಒಣಹುಲ್ಲು ಮುಚ್ಚಿ ಎಳೆಯದಾಗಿರುವಾಗಲೇ ಕೊಯ್ಯಿರಿ.

ಟೊಮೆಟೊಗೆ ನಿಮಗೆ ಏನೂ ಖರ್ಚಿಲ್ಲ. ಕಾಯಿಯ ತಳದಲ್ಲಿ ಹಸಿರು ಹೋಗಿ ನಸುಗೆಂಪು ಮೂಡಿದ ದಿನವೇ ಕಿತ್ತುಬಿಡಿ. ಆ ಹಂತ ದಾಟಿದ ಕಾಯಿ ಗಿಡದಿಂದ ಬಿಡಿಸಿದರೂ ತಾನಾಗಿ ಹಣ್ಣಾಗುತ್ತದೆ, ರುಚಿಯಲ್ಲಿ ಗಮನಕ್ಕೆ ಬರುವಂಥ ಕೊರತೆಯಾಗುವುದಿಲ್ಲ. ಮನೆಯೊಳಗೆ ಗಾಳಿಯಾಡುವ ನೆರಳಿನಲ್ಲಿ ಒಂದೇ ಪದರವಾಗಿ ಹರಡಿ, ಬಿಸಿಲಿಗಿಡಬೇಡಿ. ಪಿಕಳಾರ ಬರುವ ಹೊತ್ತಿಗೆ ಗಿಡದ ಮೇಲೆ ಹಸಿರು ಕಾಯಿ ಮಾತ್ರ ಇರುತ್ತದೆ. ದಿನಕ್ಕೊಮ್ಮೆ ಕೊಯ್ಯುವ ಶಿಸ್ತು ಬೇಕು, ವಾರದ ಸಂತೆಗೆಂದು ಬಿಟ್ಟರೆ ಆಗದು. ಬಿಸಿಲುಕಾಲದಲ್ಲಿ, ಹೋಳಿ ಹುಣ್ಣಿಮೆ ದಾಟಿದ ಮೇಲೆ, ಹಕ್ಕಿಗಳು ಬಾಯಾರಿಕೆಗೂ ಹಣ್ಣು ಕುಕ್ಕುತ್ತವೆ. ಗದ್ದೆಯಿಂದ ಸ್ವಲ್ಪ ದೂರ, ಮರದ ನೆರಳಲ್ಲಿ ಅಗಲ ತಟ್ಟೆಯಲ್ಲಿ ನೀರಿಡಿ, ದಿನವೂ ಬದಲಿಸಿ. ಮಡಿಯ ಪಕ್ಕದಲ್ಲೇ ಇಟ್ಟರೆ ಕರೆದು ಕೂರಿಸಿದಂತಾಗುತ್ತದೆ.

ಸಿ.ಡಿ., ಮಿಂಚುವ ಪಟ್ಟಿ, ಬೆರ್ಚಪ್ಪ, ಡಬ್ಬದ ಸದ್ದು, ಇವೆಲ್ಲ ಕೆಲವು ದಿನ ನಡೆಯುತ್ತವೆ, ಹಕ್ಕಿಗೆ ಅಪಾಯವಿಲ್ಲವೆಂದು ತಿಳಿದ ಮೇಲೆ ನಡೆಯುವುದಿಲ್ಲ. ನೀವು ನಾಟಿಯ ದಿನವೇ ಕಟ್ಟಿರುತ್ತೀರಿ, ಕಾಯಿ ಹಣ್ಣಾಗುವ ಹೊತ್ತಿಗೆ ಗಿಳಿಗಳಿಗೆ ಅದು ಹಳೆಯದಾಗಿರುತ್ತದೆ. ಕೆಂಪು-ಬೆಳ್ಳಿ ಬಣ್ಣದ ಪಟ್ಟಿಯನ್ನು ಎರಡು ಮೂರು ಸುತ್ತು ತಿರುಚಿ, ಗಾಳಿಗೆ ಸದ್ದು ಮಾಡುವಂತೆ, ಹಣ್ಣಾಗಲು ಶುರುವಾದ ದಿನ ಕಟ್ಟಿ ವಾರದ ಮೇಲೆ ಜಾಗ ಬದಲಿಸಿದರೆ ಬಲೆಯ ಜೊತೆಗೆ ಒಂದಿಷ್ಟು ಸಹಾಯ. ಮೊಬೈಲ್‌ನಲ್ಲಿ ಜಾಹೀರಾತು ಬರುವ, ಕಿವಿಗೆ ಕೇಳಿಸದ ಸದ್ದು ಹೊರಡಿಸಿ ಹಕ್ಕಿ ಓಡಿಸುತ್ತದೆ ಎನ್ನುವ ಯಂತ್ರ ಮಾತ್ರ ಕೊಳ್ಳಬೇಡಿ. ಆ ಸದ್ದು 20 ಕಿಲೋಹರ್ಟ್ಸ್ ಮೇಲಿನದು. ಹೆಚ್ಚಿನ ಹಕ್ಕಿಗಳಿಗೆ 10 ಕಿಲೋಹರ್ಟ್ಸ್ ಆಸುಪಾಸಿನಲ್ಲೇ ಕೇಳುವುದು ನಿಂತುಹೋಗುತ್ತದೆ. ನಮಗೆ ಕೇಳಿಸದ ಆ ಸದ್ದು ಅವಕ್ಕೂ ಕೇಳಿಸುವುದಿಲ್ಲ. ಪ್ಲಾಸ್ಟಿಕ್ ಪೈಪಿನಲ್ಲಿ ಕಾರ್ಬೈಡ್ ಹಾಕಿ ಸಿಡಿಸುವ ಬಂದೂಕನ್ನು ಮನೆಗೇ ತರಬೇಡಿ. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ಎಷ್ಟೋ ಮಕ್ಕಳ ಕಣ್ಣು ಅದರಿಂದ ಹಾಳಾದವು.

ಈಗ ಫ್ಯೂರಡಾನ್. ಅಕ್ಕಾ, ದಯವಿಟ್ಟು ಪಕ್ಕದವರಿಗೂ ಹೇಳಿ, ನಿಮ್ಮ ಮಾತು ಕೇಳುವವರಾಗಿದ್ದರೆ ಕೂತು ಹೇಳಿ. ಅದು ಕಾರ್ಬೋಫ್ಯೂರಾನ್, ನರಕ್ಕೆ ಹತ್ತುವ ವಿಷ. ಅಕ್ಕಿಗೆ ಕಲಸಿಟ್ಟರೆ ತಿನ್ನುವುದು ನವಿಲೊಂದೇ ಅಲ್ಲ. ಪಾರಿವಾಳ, ಗುಬ್ಬಿ, ನೆರೆಯವರ ಕೋಳಿ ತಿನ್ನುತ್ತವೆ. ಸತ್ತದ್ದನ್ನು ನಾಯಿ, ನರಿ, ಹದ್ದು ತಿಂದು ಅವೂ ಸಾಯುತ್ತವೆ. ಅದೇ ಗದ್ದೆಯ ಸೊಪ್ಪನ್ನು ನೀವು ಸಂತೆಯಲ್ಲಿ ಬೇರೆಯವರ ಮಕ್ಕಳಿಗೆ ಕೊಡುತ್ತೀರಿ. ನವಿಲು 1963ರಿಂದ ರಾಷ್ಟ್ರಪಕ್ಷಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿದೆ. ಕೊಂದವರಿಗೆ ಕಡಿಮೆಯೆಂದರೆ ಮೂರು ವರ್ಷ, ಹೆಚ್ಚೆಂದರೆ ಏಳು ವರ್ಷ ಜೈಲು, ಜೊತೆಗೆ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. 2016ರಲ್ಲಿ ಗೋವಾದಲ್ಲಿ ನವಿಲನ್ನು ಉಪದ್ರವಿ ಪ್ರಾಣಿಗಳ ಪಟ್ಟಿಗೆ ಸೇರಿಸುವ ಮಾತು ಎದ್ದಿತ್ತು, ದೇಶವೆಲ್ಲ ವಿರೋಧವಾಯಿತು, ಅದು ಆದೇಶವಾಗಿ ಬರಲೇ ಇಲ್ಲ. ಹಾಗಾಗಿ 'ಈಗ ನವಿಲು ಹೊಡೆಯಬಹುದಂತೆ' ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬಾಡಿಗೆ ಗದ್ದೆಯಲ್ಲಿ, ಬೇರೆ ರಾಜ್ಯದಿಂದ ಬಂದು ದುಡಿಯುವವರ ಮೇಲೆ ಇಂಥ ಕೇಸು ಬಿದ್ದರೆ ಬಿಡಿಸಿಕೊಳ್ಳುವುದು ಎಷ್ಟು ಕಷ್ಟ ಎಂದು ನಾನು ನಿಮಗೆ ಹೇಳಬೇಕಾಗಿಲ್ಲ.

ಎಲ್ಲ ಹಕ್ಕಿಗಳನ್ನೂ ಓಡಿಸುವ ಯೋಚನೆ ಬಿಡಿ ಎಂದು ನಾನು ಒತ್ತಿ ಹೇಳುವುದಕ್ಕೆ ಇನ್ನೊಂದು ಕಾರಣ ನಿಮ್ಮ ಅಲಸಂದೆಯ ಕಾಯಿಯಲ್ಲೇ ಇದೆ. ಹೂ ಬಿಡುವ ಹೊತ್ತಿಗೆ ಕಾಯಿಕೊರಕ ಶುರುವಾಗುತ್ತದೆ. ಆಗ ಕಾಜಾಣ, ಗೊರವಂಕ, ಬೆಳ್ಳಕ್ಕಿ ದಿನವಿಡೀ ಹುಳು ಆರಿಸುತ್ತವೆ. ಕಾಜಾಣ ಕೂರಲು ಎತ್ತರದ ಜಾಗ ಹುಡುಕುತ್ತದೆ. ಅದಕ್ಕೆಂದೇ ಕಾಯಿಕೊರಕದ ಹತೋಟಿಗೆ ಎಕರೆಗೆ 20ರಂತೆ ಟಿ ಆಕಾರದ ಕೋಲು ನೆಡಲು ಕೃಷಿಯವರು ಹೇಳುತ್ತಾರೆ. ನಿಮ್ಮ ಐದು ಗುಂಟೆಗೆ ಎರಡು ಮೂರು ಸಾಕು, ಅಲಸಂದೆ ಮತ್ತು ಟೊಮೆಟೊ ಮಡಿಯಲ್ಲಿ ನೆಡಿ. ಮೆಣಸಿನಕಾಯಿ ಕೆಂಪಾಗಲು ಶುರುವಾದ ದಿನ ಅವನ್ನು ಕಿತ್ತು ಹಾಕಿ, ಇಲ್ಲವಾದರೆ ಅದೇ ಕೋಲಿನ ಮೇಲೆ ಗಿಳಿ ಬಂದು ಕೂರುತ್ತದೆ.

ಪರಿಹಾರದ ಬಗ್ಗೆ. ಬೆಳೆ ಕಳೆದುಕೊಂಡವರಿಗೆ ನೆರವು ನೀಡುವ 'ಶೆತ್ಕಾರಿ ಆಧಾರ್ ನಿಧಿ' ಎಂಬ ಯೋಜನೆ ಗೋವಾ ಕೃಷಿ ಇಲಾಖೆಯಲ್ಲಿದೆ. ಅರ್ಜಿ ಕೊಡುವುದು ನಿಮ್ಮ ವಲಯ ಕೃಷಿ ಕಚೇರಿಯಲ್ಲಿ. ಅಲ್ಲಿ ಕೃಷಿ ಕಾರ್ಡ್ ಮತ್ತು ಜಮೀನಿನ ಕಾಗದ ಕೇಳುತ್ತಾರೆ. ನಿಮ್ಮ ಹೆಸರಿನಲ್ಲಿ ಜಮೀನಿಲ್ಲದ ಕಾರಣ ಭಾಟ್ಕಾರರಿಂದ, ಈ ಗದ್ದೆಯನ್ನು ಇಂಥವರು ಸಾಗುವಳಿ ಮಾಡುತ್ತಿದ್ದಾರೆ ಎಂಬ ಒಪ್ಪಿಗೆ ಪತ್ರ ಬರೆಸಿಕೊಂಡು ಹೋಗಿ ವಿಚಾರಿಸಿ. ಬೇಲಿಗೆ ಸಬ್ಸಿಡಿ ಇದೆಯೇ ಎಂದೂ ಅದೇ ಹೊತ್ತಿನಲ್ಲಿ ಕೇಳಿ. ಭಾಟ್ಕಾರರು ಅರ್ಜಿ ಹಾಕಿಕೊಂಡರೂ ಬೇಲಿ ನಿಲ್ಲುವುದು ನಿಮ್ಮ ಬೆಳೆಗೇ. ಹಾನಿಯಾದ ದಿನವೇ, ಕೆದರಿದ ಸಾಲು ಮತ್ತು ಹೆಜ್ಜೆ ಗುರುತು ಕಾಣುವಂತೆ ಮೊಬೈಲ್‌ನಲ್ಲಿ ಫೋಟೋ ತೆಗೆದಿಡಿ. ಗದ್ದೆ ಸರಿಮಾಡಿ ಮತ್ತೆ ಬಿತ್ತಿದ ಮೇಲೆ ನೋಡಲು ಬಂದ ಅಧಿಕಾರಿಗೆ ತೋರಿಸಲು ಏನೂ ಉಳಿದಿರುವುದಿಲ್ಲ. ಕೊಂಕಣಿಯಲ್ಲಿ ಅರ್ಜಿ ಬರೆಯುವುದು ಕಷ್ಟವಾದರೆ ಶಾಲೆಗೆ ಹೋಗುವ ಮಕ್ಕಳ ಕೈಯಲ್ಲಿ ಬರೆಸಿ. ಮಡಗಾಂವಿನಲ್ಲಿ ದಕ್ಷಿಣ ಗೋವಾದ ಕೃಷಿ ವಿಜ್ಞಾನ ಕೇಂದ್ರವಿದೆ. ಬಿತ್ತುವ ಮೊದಲೇ ಒಮ್ಮೆ ಅಲ್ಲಿಗೆ ಹೋಗಿ, ಕುಕ್ಕಿದ ಟೊಮೆಟೊ, ಕಿತ್ತ ಸಸಿಯ ಫೋಟೋ ತೋರಿಸಿದರೆ ನಿಮ್ಮ ಗದ್ದೆಯ ಮಣ್ಣಿಗೆ, ನೀರಿಗೆ ಹೊಂದುವ ಸಲಹೆ ಅವರು ಕೊಡಬಲ್ಲರು.